ಗೋಡೆಗೆ ಕುರ್ಚಿ ಹಾಕದ ಮೇಜಣ್ಣ

ಬೆಳಗಿನ ಐದೂವರೆ. ಸಮ್ಮೇಳನ ಭವನದ ಹಜಾರದಲ್ಲಿ ಎರಡೇ ದೀಪ ಉರಿಯುತ್ತಿವೆ. ಅಲಂಕಾರದವರು ಗೋಡೆಯುದ್ದಕ್ಕೂ ಜೋಡಿಸಿ ಹೋದ ಕುರ್ಚಿಗಳನ್ನು ಮೇಜಣ್ಣ ಒಂದರ ಮೇಲೊಂದು ಪೇರಿಸಿ ಉಗ್ರಾಣಕ್ಕೆ ಸಾಗಿಸುತ್ತಿದ್ದಾರೆ. ಬದಲಿಗೆ ಹಜಾರದ ನಡುವೆ ಎದೆಮಟ್ಟದ ದುಂಡು ಮೇಜುಗಳು ಬರುತ್ತವೆ, ನಿಂತೇ ಚಹಾ ಕುಡಿಯುವಂಥವು.

"ಗೋಡೆಗೆ ಕುರ್ಚಿ ಹಾಕಿದ್ರೆ ಮುಗೀತು. ಯಾರ ಪರಿಚಯಾನೂ ಇಲ್ದೋರು ಅಲ್ಲೇ ಕೂತು ಫೋನು ನೋಡ್ತಾರೆ. ಸಾಯಂಕಾಲದವರೆಗೂ ಗೋಡೆ ಜೊತೆಗೇ ನೆಂಟಸ್ತನ," ಎನ್ನುತ್ತಾರೆ. ಸಕ್ಕರೆ ಡಬ್ಬಿಯನ್ನೂ ಎರಡು ಮೇಜಿಗೆ ಒಂದರಂತೆ ಇಡುತ್ತಾರೆ. "ಬೇಕಾದೋರು ಪಕ್ಕದೋರನ್ನ ಕೇಳ್ಲೇಬೇಕಲ್ಲ? ಅಲ್ಲಿಂದ ಮಾತು ಶುರು."

ಹದಿನೆಂಟು ವರ್ಷದಿಂದ ಇದೇ ಕೆಲಸ. ದಿನಕ್ಕೆ ಅರವತ್ತು ಮೇಜು; ಮೇಜಣ್ಣ ಎಂಬ ಹೆಸರೂ ಅದರಿಂದಲೇ ಬಂದದ್ದು. ವೈದ್ಯರು, ಗುತ್ತಿಗೆದಾರರು, ಔಷಧ ಮಾರುವವರು ಈ ಮೇಜುಗಳ ಸುತ್ತ ಕೈ ಕುಲುಕಿದ್ದಾರೆ, ವಿಸಿಟಿಂಗ್ ಕಾರ್ಡ್ ಬದಲಾಯಿಸಿಕೊಂಡಿದ್ದಾರೆ. ಕಸದ ಜೊತೆ ಸಿಕ್ಕವನ್ನು ಬಿಟ್ಟರೆ ಮೇಜಣ್ಣನ ಕೈಗೆ ಒಂದು ಕಾರ್ಡೂ ಬಂದಿಲ್ಲ. ಎಲ್ಲರ ಊಟದ ಹೊತ್ತಿನಲ್ಲೇ ಅವರಿಗೆ ಕೆಲಸ ಹೆಚ್ಚು. ಹಾಗಾಗಿ ಅವರ ಊಟ ಮೂರು ಗಂಟೆಗೆ, ಉಗ್ರಾಣದಲ್ಲಿ, ಒಬ್ಬರೇ.

ಮನೆಯಲ್ಲಿ ಮಾತೆಲ್ಲ ಹೆಂಡತಿಯದಾಗಿತ್ತು. ಮನೆ ಮಾಲೀಕರೊಂದಿಗೆ, ಅಂಗಡಿಯವನೊಂದಿಗೆ, ನೆರೆಯವರೊಂದಿಗೆ ಆಕೆಯೇ ಮಾತಾಡುತ್ತಿದ್ದರು. ಆಕೆ ತೀರಿಕೊಂಡು ಎರಡು ವರ್ಷ. "ನನ್ನ ಬಾಯಿ ಅವಳ ಹತ್ರಾನೇ ಇತ್ತು," ಎನ್ನುತ್ತಾರೆ. ಒಂದೇ ಕೋಣೆಯ ಮನೆ. ಅಡುಗೆಯ ಅಳತೆ ಇನ್ನೂ ಇಬ್ಬರದ್ದೇ. ಉಳಿದದ್ದನ್ನು ರಾತ್ರಿ ತಿನ್ನುತ್ತಾರೆ.

ಮುಂದಿನ ತಿಂಗಳಿಂದ ಭವನಕ್ಕೆ ದುರಸ್ತಿ. ಐದು ತಿಂಗಳು ಬಾಗಿಲು ಮುಚ್ಚುತ್ತದೆ. "ಹೊಟ್ಟೆಪಾಡು ಹೇಗೋ ನಡೆಯುತ್ತೆ. ಆದ್ರೆ ಐದು ತಿಂಗಳು ಆ ಕೋಣೇಲಿ... ಬೆಳಗಾದ್ರೆ ಎಲ್ಲಿಗೆ ಹೋಗ್ಲಿ?"

ಈ ಸಲದ ಎರಡು ದಿನದ ಸಮ್ಮೇಳನ ಸಭಾಭವನ ನಡೆಸುವವರದ್ದೇ. ಊರಾಚೆಯ ಹೊಸ ಭವನದ ಮ್ಯಾನೇಜರೂ ಬಂದಿದ್ದಾರೆ. ಅವರನ್ನು ಮಾತಾಡಿಸಿ ಕೆಲಸ ಕೇಳಿ ಎಂದು ಅವರು ಬರುವ ಸುದ್ದಿ ಕೇಳಿದ ಚಹಾ ಕೌಂಟರಿನಾಕೆ ವಾರದಿಂದ ಮೇಜಣ್ಣನ ಬೆನ್ನು ಬಿದ್ದಿದ್ದಾರೆ.

ಮೊದಲ ದಿನ ಮೇಜಣ್ಣ ಅಂಗಿಯ ಗುಂಡಿ ಸರಿಮಾಡಿಕೊಂಡು ಹತ್ತಿರ ಹೋಗುತ್ತಾರೆ. ಮ್ಯಾನೇಜರು ಬೇರೆ ಯಾರೊಂದಿಗೋ ಮಾತಾಡುತ್ತಲೇ, ಮುಖ ನೋಡದೆ, ಖಾಲಿ ಲೋಟವನ್ನು ಅವರ ಕೈಗಿಡುತ್ತಾರೆ. ಮೇಜಣ್ಣ ಅದನ್ನು ಹಿಡಿದುಕೊಂಡು ವಾಪಸ್.

"ಕೆಲಸ ಕೇಳೋಕೆ ಹೋಗಿ ಎಂಜಲು ಲೋಟ ತಂದ್ರಾ ಮೇಜಣ್ಣ?" ಕೌಂಟರಿನಾಕೆ ಹಣೆ ಚಚ್ಚಿಕೊಳ್ಳುತ್ತಾರೆ. "ಊರವರಿಗೆಲ್ಲ ಪರಿಚಯ ಮಾಡ್ಸೋರು, ನಿಮ್ಮದೇ ಸರದಿ ಬಂದಾಗ ಬಾಯಿಗೆ ಬೀಗವಾ?"

"ಕೊಟ್ರು, ತಗೊಂಡೆ ತಾಯಿ. ಅಭ್ಯಾಸ."

ಮರುದಿನ ಒಂದು ಮೇಜು ಅಲ್ಲಾಡುತ್ತದೆ. ಮೇಜಣ್ಣ ರಟ್ಟಿನ ಚೂರು ಮಡಚಿಕೊಂಡು ಅದರ ಕೆಳಗೆ ಕೂರುತ್ತಾರೆ. ಕಣ್ಣೆದುರು ಒಂದು ಜೊತೆ ಬೂಟು. ಮೇಲಿನಿಂದ ಅದೇ ಮ್ಯಾನೇಜರ ದನಿ. ಮುಖ ಕಾಣದಿದ್ದುದಕ್ಕೋ ಏನೋ, ಮೇಜಣ್ಣನಿಗೆ ಮಾತು ಬರುತ್ತದೆ.

"ಸಾರ್, ನಿಮ್ಮ ಭವನದಲ್ಲೂ ಮೇಜು ಅಲ್ಲಾಡ್ತವಾ?"

ಮೇಲೆ ಮಾತು ನಿಲ್ಲುತ್ತದೆ. ಮ್ಯಾನೇಜರು ಬಗ್ಗಿ ನೋಡುತ್ತಾರೆ. "ಅಲ್ಲಾಡದೆ ಇರೋದು ಒಂದೂ ಇಲ್ಲ. ಯಾರು ನೀವು, ಮೇಜಿನ ಕೆಳಗೆ?"

"ಮೇಜು ಹಾಕೋನು ಸಾರ್. ಮುಂದಿನ ತಿಂಗಳಿಂದ ಇಲ್ಲಿ ಕೆಲಸ ಇರಲ್ಲ."

ಮ್ಯಾನೇಜರಿಗೆ ನಗು. ನಮಗೆ ಇಂಥವರೇ ಬೇಕು, ಮುಂದಿನ ತಿಂಗಳ ಒಂದನೇ ತಾರೀಕು ಬಂದು ಕೆಲಸಕ್ಕೆ ಸೇರಿಕೊಳ್ಳಿ ಎನ್ನುತ್ತಾರೆ. ಬೇರೇನಾದರೂ ಕೇಳುವುದಿದೆಯೇ ಎಂದಾಗ ಮೇಜಣ್ಣ ಒಂದೇ ಒಂದು ಪ್ರಶ್ನೆ ಕೇಳುತ್ತಾರೆ: "ಅಲ್ಲಿ ಕೆಲಸದೋರು ಊಟಕ್ಕೆ ಎಲ್ಲಿ ಕೂರ್ತಾರೆ ಸಾರ್?"

"ಹಿಂದಿನ ವರಾಂಡದಲ್ಲಿ. ಎಂಟು ಜನಾನೂ ಒಟ್ಟಿಗೇ."

"ಸಂಬಳ ಎಷ್ಟಂತೆ?" ಕೌಂಟರಿನಾಕೆ ಕೇಳುತ್ತಾರೆ.

"ಅಯ್ಯೋ, ಕೇಳೋದೇ ಮರೆತೆ."

"ಸರಿಹೋಯ್ತು! ಎಂಥಾ ಮನುಷ್ಯರಪ್ಪಾ ನೀವು!"

ಮೇಜಣ್ಣ ಆಕೆ ತೊಳೆದಿಟ್ಟ ಲೋಟಗಳನ್ನು ಒರೆಸಲು ಕೂರುತ್ತಾರೆ. ಒರೆಸುತ್ತಲೇ ದನಿ ತಗ್ಗಿಸಿ ಹೇಳುತ್ತಾರೆ: "ಎಂಟು ಜನ ಅಂತೆ ತಾಯಿ. ಮೊದಲ ದಿನ ಪಕ್ಕದೋರ ಹತ್ರ ಏನು ಮಾತಾಡ್ಬೇಕು, ಸ್ವಲ್ಪ ಹೇಳಿಕೊಡು."