ಎಮ್ಮೆಯ ಕೊಟ್ಟಿಗೆಯಲ್ಲಿ ಕಟ್ಟಿಸಿದ ಬಾರು

ಆ ವರ್ಷಗಳಲ್ಲಿ ನಾನು ಬೆಳಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ದೇವರ ಮುಖವನ್ನಲ್ಲ, ಕಾರಿನ ಮೂತಿಯನ್ನು. ಅಂಗಳಕ್ಕೆ ನೀರು ಹಾಕುವ ನೆವದಲ್ಲಿ ಹೊರಗೆ ಬಂದು, ಬಂಪರ್ ನೆಗ್ಗಿದೆಯೇ, ದೀಪದ ಗಾಜು ಒಡೆದಿದೆಯೇ, ಎಲ್ಲಾದರೂ ರಕ್ತ ಮೆತ್ತಿದೆಯೇ ಎಂದು ಬಗ್ಗಿ ನೋಡುತ್ತಿದ್ದೆ. ಏನೂ ಇಲ್ಲವೆಂದರೆ ರಂಗೋಲಿ ಹಾಕಲು ಕೂಡುತ್ತಿದ್ದೆ. ನಮ್ಮ ಯಜಮಾನರು ಹೈಟೆಕ್ ಸಿಟಿಯಿಂದ ಕಾಚಿಗೂಡದ ಮನೆಯವರೆಗೆ, ಇಡೀ ಹೈದರಾಬಾದು ದಾಟಿ, ಕುಡಿದು ಕಾರು ಓಡಿಸಿಕೊಂಡು ಬಂದಿರುತ್ತಿದ್ದರು. ಹೇಗೆ ಬಂದೆ ಎಂಬುದು ಅವರಿಗೇ ನೆನಪಿರುತ್ತಿರಲಿಲ್ಲ.

ಆಗ ಊರಿಗೆ ಊರೇ ಐಟಿ ಐಟಿ ಎಂದು ಕುಣಿಯುತ್ತಿತ್ತು. ಇವರ ಕಂಪನಿಯಲ್ಲಿ ಅಮೆರಿಕದ ಗಿರಾಕಿ ಕೆಲಸ ಮೆಚ್ಚಿದರೆ ಪಾರ್ಟಿ, ಮೆಚ್ಚದಿದ್ದರೆ ಬೇಸರ ಕಳೆಯಲು ಪಾರ್ಟಿ, ಹೊಸಬ ಸೇರಿದರೆ ಒಂದು, ಹಳಬ ಬಿಟ್ಟರೆ ಇನ್ನೊಂದು. ಇವರ ಪಕ್ಕದ ಕುರ್ಚಿಯವನೊಬ್ಬ ಹಾಗೊಂದು ಪಾರ್ಟಿ ಮುಗಿಸಿ ಬರುವಾಗ, ಕಟ್ಟುತ್ತಿದ್ದ ಫ್ಲೈಓವರಿನ ಕಂಬಕ್ಕೆ ಕಾರು ಗುದ್ದಿ ಸತ್ತ. ಅವನ ಹೆಂಡತಿ ನನಗಿಂತ ಚಿಕ್ಕವಳು. ಆಕೆಯನ್ನು ಮಾತಾಡಿಸಿಕೊಂಡು ಬಂದ ದಿನವೂ ಇವರು ಹೋಗಿ ಕುಡಿದರು. ಅಂದಿನಿಂದ ನನಗೆ ಉಳಿದದ್ದು ಒಂದೇ ಆಸೆ. ಕುಡಿಯಲಿ, ಸುಡುಗಾಡಿಗೆ ಹೋಗಲಿ, ಆದರೆ ಮನೆಯೊಳಗೆ ಕೂತು ಕುಡಿಯಲಿ, ರಸ್ತೆಯಲ್ಲಿ ಸಾಯದಿರಲಿ.

ಆದರೆ ನಮ್ಮ ಮನೆಯಲ್ಲಿ ಇವರು ಕುಡಿಯುವುದೇ ಇಲ್ಲ! ಅಂದರೆ, ಕುಡಿಯುವುದಿಲ್ಲ ಎಂಬುದು ಮನೆಯ ಕಟ್ಟಳೆ. ಅತ್ತೆಗೆ ಎಲ್ಲ ಗೊತ್ತಿತ್ತು. ಅತ್ತೆಗೆ ಗೊತ್ತು ಎಂಬುದು ಇವರಿಗೂ ಗೊತ್ತಿತ್ತು. ಆದರೂ ಮಗ ಬರುವ ಹೊತ್ತಿಗೆ ಅತ್ತೆ ಕೋಣೆಯ ದೀಪ ಆರಿಸಿ ಮಲಗಿದಂತೆ ಇರುತ್ತಿದ್ದರು, ಮಗ ಪಕ್ಕದ ಓಣಿಯಿಂದ ಕಳ್ಳನ ಹಾಗೆ ಒಳಗೆ ಬರುತ್ತಿದ್ದರು. ಬೆಳಗ್ಗೆ ಎದ್ದು ಸ್ನಾನ, ಹಣೆಗೆ ವಿಭೂತಿ, ಪೂಜೆ. ಆಮೇಲೆ ತಾಯಿಯ ಎದುರು ಕೂತು ರೊಟ್ಟಿ. ಬಾಯಿ ವಾಸನೆ ಬಂದೀತೆಂಬ ಅಂಜಿಕೆಗೆ ಹಗಲಲ್ಲಿ ಒಂದು ಹನಿಯನ್ನೂ ಮುಟ್ಟುತ್ತಿರಲಿಲ್ಲ, ರಜೆಯ ದಿನವೂ ಇಲ್ಲ. ತಾಯಿ ಮಗ ಸೇರಿ ಆಡುವ ಈ ನಾಟಕ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬಾರಿನ ಯೋಚನೆ ಬಂದದ್ದು ಇವರ ಮ್ಯಾನೇಜರನ ಗೃಹಪ್ರವೇಶದಲ್ಲಿ. ಹೊಸ ವಿಲ್ಲಾ, ಅದರ ಒಂದು ಮೂಲೆಯಲ್ಲಿ ಬಾರು. ಅವನ ಹೆಂಡತಿ ಅದನ್ನು ದೇವರ ಮನೆ ತೋರಿಸಿದಷ್ಟೇ ಭಕ್ತಿಯಿಂದ ತೋರಿಸಿ, 'ಈಗ ಇವರು ಎಲ್ಲೂ ಹೋಗೋದಿಲ್ಲ, ಸಂಜೆ ಆದ್ರೆ ಮನೇಲೇ ಇರ್ತಾರೆ' ಎಂದಳು. ಮೈಸೂರಿನ ಹೆಂಗಸು, ನಗುನಗುತ್ತ ಹೇಳಿದಳು. ಎಲ್ಲೂ ಹೋಗೋದಿಲ್ಲ ಎಂಬ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ನಮ್ಮ ಮನೆಯ ಹಿತ್ತಲಲ್ಲಿ ಒಂದು ಕೊಟ್ಟಿಗೆ ಇತ್ತು. ಸರ್ಕಾರಿ ನೌಕರಿಯಲ್ಲಿದ್ದ ಮಾವನವರು ಹೈದರಾಬಾದಿಗೆ ಬಂದರೂ ಮನೆಯ ಹಾಲು ಬಿಡಲಾರದೆ ಎಮ್ಮೆ ಸಾಕಿದ್ದರು. ಅವರು ತೀರಿಕೊಂಡ ಮೇಲೆ ಎಮ್ಮೆಗಳೂ ಹೋದವು. ದೀಪಾವಳಿ ಪಾಡ್ಯದ ದಿನ ಮಾತ್ರ ಅತ್ತೆ ಎಲ್ಲಿಂದಲೋ ಸಗಣಿ ತರಿಸಿ, ಅದರಲ್ಲೇ ಪಾಂಡವರ ಪುಟ್ಟ ಗೊಂಬೆ ಮಾಡಿ, ಚೆಂಡುಹೂ ಸಿಕ್ಕಿಸಿ ಅಲ್ಲಿ ಪೂಜೆ ಮಾಡುತ್ತಿದ್ದರು. ಉಳಿದ ದಿನ ಅಲ್ಲಿ ಮುರಿದ ಮಂಚ, ಹೆಗ್ಗಣ, ಧೂಳು. ಅತ್ತೆಗೆ ನಾನು, 'ಅವರಿಗೆ ಮನ್ಯಾಗ ಕೂತು ಕೆಲಸ ಮಾಡಾಕ ಒಂದು ಖೋಲಿ ಬೇಕಂತರಿ ಅತ್ತಿ' ಎಂದೆ. ಅತ್ತೆ 'ಹೂಂ ಮಾಡಸವ್ವ' ಎಂದರು. ಮುಂದೆ ಏನೂ ಕೇಳಲಿಲ್ಲ.

ನಾನೋ, ಜನ್ಮದಲ್ಲಿ ಬಾರಿನೊಳಗೆ ಕಾಲಿಟ್ಟವಳಲ್ಲ. ಕಚೇರಿಯಲ್ಲಿ ಫೈಲು ನೋಡುವ ಗುಮಾಸ್ತೆ ನಾನು. ಗೊತ್ತಿದ್ದ ಅಲಂಕಾರವನ್ನೇ ಬಡಗಿಗೆ ಹೇಳಿದೆ: ಹಿಂದುಗಡೆ ಕಮಾನು, ಎರಡೂ ಬದಿ ಕೆತ್ತನೆಯ ಕಂಬ, ಮೆಟ್ಟಿಲಿನ ಹಾಗೆ ಹಲಗೆಗಳು, ಮೇಲೊಂದು ದೊಡ್ಡ ಟ್ಯೂಬ್‌ಲೈಟು. ಅವನು ಅಳತೆಯ ಪಟ್ಟಿ ಹಿಡಿದು ನಿಂತು, 'ಭಗವಾನ್ ಕಾ ಕಮ್ರಾ ಹೈ ನಾ ಅಮ್ಮಾ?' ಎಂದು ಕೇಳಿದ. ದೇವರ ಕೋಣೆಯಲ್ಲ, ಶರಾಬಿನ ಕೋಣೆ ಎಂದೆ. ಅವನು ಪಟ್ಟಿ ಸುತ್ತುತ್ತ, 'ತೋ ಲೈಟಾಂ ಕಮ್ ಹೋನಾ' ಎಂದ, ಹಾಗಾದರೆ ಬೆಳಕು ಕಡಿಮೆ ಇರಬೇಕು ಎಂದು. ಸರಿ, ಟ್ಯೂಬ್‌ಲೈಟು ತೆಗೆಸಿ ಹಳದಿ ಬಲ್ಬು ಹಾಕಿಸಿದೆ. ಕಮಾನು ಮಾತ್ರ ಹಾಗೇ ಉಳಿಯಿತು.

ಎಮ್ಮೆಗಳಿಗೆ ಮೇವು ಹಾಕುತ್ತಿದ್ದ ಕಲ್ಲಿನ ಗ್ವಾದಲಿಯ ಮೇಲೆ ಕರಿ ಗ್ರಾನೈಟ್ ಹಾಸಿಸಿ ಕಟ್ಟೆ ಮಾಡಿಸಿದೆ. ಬೇಗಂ ಬಜಾರಿನಲ್ಲಿ ಅಲೆದು ಉದ್ದ ಕಾಲಿನ ಗ್ಲಾಸು, ಗಿಡ್ಡ ಗ್ಲಾಸು, ಐಸು ಹಿಡಿಯುವ ಇಕ್ಕಳ ತಂದೆ. ಗೋಡೆಗೆ ಯಾವ ಚಿತ್ರ ಹಾಕಬೇಕೋ ತಿಳಿಯದೆ ಒಂದು ಜಲಪಾತ ಹಾಕಿದೆ. ಎಷ್ಟು ತೊಳೆಸಿದರೂ ಮಳೆ ಬಂದ ದಿನ ನೆಲದೊಳಗಿಂದ ಗಂಜಲದ ವಾಸನೆ ಏಳುತ್ತಿತ್ತು. ಅದಕ್ಕೆ ಊದಿನಕಡ್ಡಿ ಹಚ್ಚಿದೆ. ಕಡೆಗೆ, ಸೆರಗು ತಲೆಯ ಮೇಲೆ ಹೊದ್ದುಕೊಂಡು ದಿಲ್‌ಸುಖ್‌ನಗರದ ವೈನ್ ಶಾಪಿನ ಮುಂದೆ ಹೋಗಿ ನಿಂತೆ. ನಮ್ಮ ಓಣಿಯ ಪಕ್ಕದ ಅಂಗಡಿಗೆ ಹೋಗುವ ಧೈರ್ಯ ಇರಲಿಲ್ಲ. ಗುಂಪಿನಲ್ಲಿದ್ದ ಒಬ್ಬ ಕುಡುಕ ಹಿಂದೆ ಸರಿದು 'ಅಮ್ಮಕು ಜಾಗ ಇಯ್ಯುಂಡ್ರಿ' ಎಂದು ಉಳಿದವರನ್ನು ಗದರಿಸಿ ನನಗೆ ದಾರಿ ಮಾಡಿಕೊಟ್ಟ. ಬಸ್ಸಿನಲ್ಲಿ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಮನೆ ಬರುವವರೆಗೂ ಅಳುತ್ತಿದ್ದೆ.

ಎಲ್ಲ ಜೋಡಿಸಿ, ಶೇಂಗಾ ಹುರಿದು, ಬಾಳಕದ ಮೆಣಸಿನಕಾಯಿ ಕರಿದು ಇಟ್ಟು, ಶನಿವಾರ ಸಂಜೆ ಇವರನ್ನು ಕರೆದುಕೊಂಡು ಹೋದೆ. ಇವರು ಬಾಗಿಲಲ್ಲೇ ನಿಂತರು. ಕಣ್ಣು ಕಮಾನಿನ ಮೇಲೆ, ಬಾಟಲಿಯ ಮೇಲೆ, ಗ್ವಾದಲಿಯ ಮೇಲೆ ಓಡಿತು.

'ಹುಚ್ಚಿ ಅದಿ ನೀ' ಎಂದರು. 'ಅವ್ವ ಅಲ್ಲಿ ಪಡಸಾಲ್ಯಾಗ ಕುಂತಾಳ. ಇಲ್ಲಿ ನನಗ ಒಂದು ಗುಟುಕು ಇಳೀತೈತೇನು?'

'ಅತ್ತಿಗೆ ಎಲ್ಲಾ ಗೊತ್ತೈತ್ರಿ.'

'ಗೊತ್ತಿರೂದು ಬ್ಯಾರೆ. ಆಕಿ ಕಣ್ಣ ಮುಂದ ಕುಡಿಯೂದು ಬ್ಯಾರೆ.' ಹಾಗೆಂದು ಕಾರು ತೆಗೆದುಕೊಂಡು ಹೋಗಿಯೇ ಬಿಟ್ಟರು. ನಾನು ಕರಿದ ಮೆಣಸಿನಕಾಯಿಯನ್ನೆಲ್ಲ ಹಿತ್ತಲಿಗೆ ಎಸೆದು ಅಲ್ಲೇ ಕೂತು ಅತ್ತುಬಿಟ್ಟೆ.

ಆಮೇಲೆ ನಾನು ಹೆದರಿದ್ದೇ ಆಯಿತು. ನಿಂತ ಆಟೋಗೆ ಕಾರು ಗುದ್ದಿತು. ಪುಣ್ಯಕ್ಕೆ ಆಟೋದಲ್ಲಿ ಯಾರೂ ಇರಲಿಲ್ಲ. ಇವರ ಎಡಗೈ ಮುರಿಯಿತು. ಇನ್ನಾದರೂ ಬುದ್ಧಿ ಬಂದೀತು ಎಂದುಕೊಂಡರೆ, ಕೈಗೆ ಪ್ಲಾಸ್ಟರ್ ಇರುವಾಗಲೇ ಒಂದೇ ಕೈಯಲ್ಲಿ ಕಾರು ಓಡಿಸಿಕೊಂಡು ಮತ್ತೆ ಪಾರ್ಟಿಗೆ ಹೋದರು. ಆ ಮರುದಿನ ನನ್ನ ಸಹನೆ ಸತ್ತಿತು. ಅತ್ತೆ ಪಡಸಾಲೆಯಲ್ಲಿ ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದರು. ಮನೆಯಲ್ಲಿ ಯಾರೂ ಎಂದೂ ಆಡದ ಮಾತನ್ನು ಆಡಿದೆ.

'ಅತ್ತಿ, ನಿಮ್ಮ ಮಗಾ ಕುಡೀತಾರ. ನಿಮಗ ಗೊತ್ತೈತಿ. ಒಂದಿನ ಹೆಣಾ ಬರತೈತಿ ಮನೀಗೆ. ಆವಾಗೂ ದೀಪಾ ಆರಿಸಿ ಮಲಗತೀರೇನು?'

ಅತ್ತೆಯ ಕೈ ನಿಂತಿತು. ಸೊಪ್ಪನ್ನು ಬದಿಗೆ ಸರಿಸಿ, 'ನಾ ಏನ್ ಮಾಡ್ಲಿ ಹೇಳು' ಎಂದರು.

'ಇಲ್ಲೇ ಕುಡಿ ಅಂತ ನೀವು ಹೇಳ್ರಿ. ನಿಮ್ಮ ಬಾಯಿಂದ ಬಂದ್ರ ಕೇಳತಾರ.'

'ತಾಯಿ ಆಗಿ ಅದನ್ನ ಹ್ಯಾಂಗ ಹೇಳ್ಲೆವ್ವಾ.'

'ಜೀವಾ ಉಳೀಬೇಕಂದ್ರ ಹೇಳ್ರಿ' ಎಂದೆ. ಕಾಲು ಹಿಡಿದುಕೊಂಡೆ.

ಅಂದು ಸಂಜೆ ಇವರು ಬಟ್ಟೆ ಬದಲಿಸಲು ಮನೆಗೆ ಬಂದಾಗ ಅತ್ತೆ ಕೊಟ್ಟಿಗೆಯಲ್ಲಿದ್ದರು. ಎತ್ತರದ ಸ್ಟೂಲು ಹತ್ತಲಾಗದೆ, ಗ್ರಾನೈಟ್ ಕಟ್ಟೆಯ ಪಕ್ಕ ನೆಲದ ಮೇಲೆ ಮಣೆ ಹಾಕಿಕೊಂಡು ಕೂತಿದ್ದರು. 'ಬಾ ತಮ್ಮಾ' ಎಂದು ಮಗನನ್ನು ಕರೆದರು. ಬಾಟಲಿಯ ಬಿರಡೆ ನಾನೇ ತೆಗೆದುಕೊಟ್ಟೆ. ಎಷ್ಟು ಹಾಕಬೇಕೆಂದು ಆಕೆಗೇನು ಗೊತ್ತು, ಮಜ್ಜಿಗೆ ಬಗ್ಗಿಸಿದಂತೆ ಗ್ಲಾಸಿನ ಕಂಠದವರೆಗೆ ಬಗ್ಗಿಸಿದರು.

'ಕುಡಿ. ನಾ ನೋಡಿದ್ರ ನೋಡ್ಲಿ. ಹೊರಗ ಮಾತ್ರ ಹೋಗಬ್ಯಾಡ ನನ್ನಪ್ಪಾ.'

ಇವರು ಮೊದಲು ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿತ್ತೋ, ನಾಚಿಕೆಯಿತ್ತೋ, ಇಂದಿಗೂ ಹೇಳಲಾರೆ. ಆಮೇಲೆ ನೆಲದ ಮೇಲೆ ತಾಯಿಯ ಮುಂದೆ ಕೂತು, ಅಳುತ್ತ ಅಳುತ್ತ, ಅಷ್ಟನ್ನೂ ಕುಡಿದರು. ನನಗೆ ಮಾತ್ರ ಖುಷಿಯಾಯಿತು. ಹೌದು, ಖುಷಿಯೇ. ಕಾರು ಅಂಗಳದಲ್ಲೇ ಇತ್ತು. ಎಷ್ಟೋ ದಿನಗಳ ಮೇಲೆ ಅಂದು ಹೊಟ್ಟೆತುಂಬ ಉಂಡೆ.

ಕೆಲವು ವಾರ ಎಲ್ಲ ನಾನು ಬಯಸಿದಂತೆಯೇ ನಡೆಯಿತು. ಆಫೀಸು ಮುಗಿದರೆ ಮನೆ, ಮನೆಯೆಂದರೆ ಕೊಟ್ಟಿಗೆ. ಆಮೇಲೆ ಸಂಜೆ ಎಂಬುದು ಸ್ವಲ್ಪ ಸ್ವಲ್ಪವೇ ಮುಂಚೆ ಬರತೊಡಗಿತು. ಭಾನುವಾರ ಊಟಕ್ಕೆ ಮೊದಲು ಒಂದು. ತಾಯಿ ನೋಡಿಯಾದ ಮೇಲೆ ಇನ್ಯಾರ ಅಂಜಿಕೆ? ಬಾಯಿ ವಾಸನೆ ಬಂದರೆ ಬರಲಿ, ಬಗ್ಗಿಸಿ ಕೊಟ್ಟವಳೇ ಎದುರಿಗೆ ಕೂತಿದ್ದಾಳೆ. ಹಗಲೆಲ್ಲ ಇವರನ್ನು ಹಿಡಿದು ನಿಲ್ಲಿಸಿದ್ದು ಆ ನಾಟಕವೊಂದೇ ಎಂದು ನನಗೆ ತಿಳಿದದ್ದು ಆಗ. ಪೂಜೆ ತಪ್ಪಿತು, ರೊಟ್ಟಿ ತಪ್ಪಿತು. ತಲೆನೋವೆಂದು ರಜೆ, ಹೊಟ್ಟೆನೋವೆಂದು ರಜೆ. ಕಡೆಗೆ ಕಂಪನಿಯವರೇ ಬರಬೇಡ ಎಂದರು. ನಾನು ಬಾಟಲಿ ಚೆಲ್ಲಿದೆ, ಕೊಟ್ಟಿಗೆಗೆ ಬೀಗ ಹಾಕಿದೆ, ಬೈದೆ, ಉಪವಾಸ ಕೂತೆ. ಬೀಗ ಹಾಕಿದ ದಿನ ಇವರು ಕಾರಿನ ಕೀ ಕೈಗೆ ತೆಗೆದುಕೊಂಡರು. ನಾನು ಓಡಿಹೋಗಿ ಬೀಗ ತೆಗೆದೆ.

ಒಂದು ಬೆಳಗ್ಗೆ ಕಚೇರಿಗೆ ಹೊರಟು ನಿಂತು, ಡಬ್ಬಿ ಕೈಯಲ್ಲಿ ಹಿಡಿದು, ಕೊಟ್ಟಿಗೆಯ ಬಾಗಿಲಿಗೆ ಹೋದೆ. ಇವರು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಕಣ್ಣು ಅರಿಷಿಣ ಬಣ್ಣ, ಹೊಟ್ಟೆ ಊದಿತ್ತು. ಇನ್ನೊಂದು ಗುಟುಕು ಕುಡಿದರೂ ಉಳಿಯುವುದಿಲ್ಲ ಎಂದು ಡಾಕ್ಟರು ಹಿಂದಿನ ದಿನವಷ್ಟೇ ಹೇಳಿದ್ದರು.

'ಸಾಕು ಮಾಡ್ರಿ, ಕೈ ಮುಗೀತೀನಿ' ಎಂದೆ.

'ಮನ್ಯಾಗ ಇರು ಅಂದಿದ್ದಿ' ಎಂದರು ಇವರು, ಸಿಟ್ಟಿಲ್ಲದೆ, ಬಹಳ ಮೆತ್ತಗೆ. 'ಮನ್ಯಾಗ ಅದೀನಲ್ಲ.'

ಗ್ಲಾಸು ಎತ್ತಲು ಹೋದರು. ಕೈ ಎಷ್ಟು ನಡುಗುತ್ತಿತ್ತೆಂದರೆ ಅದು ಬಾಯಿಯವರೆಗೆ ಬರಲಿಲ್ಲ, ಅರ್ಧ ಎದೆಯ ಮೇಲೆ ಚೆಲ್ಲಿತು. ಪಕ್ಕದಲ್ಲಿದ್ದ ಅತ್ತೆ ಸೆರಗಿನಿಂದ ಮಗನ ಎದೆ ಒರೆಸಿದರು. ಆಮೇಲೆ ಗ್ಲಾಸನ್ನು ತಾವೇ ತೆಗೆದುಕೊಂಡು, ಇನ್ನೊಂದು ಕೈಯನ್ನು ಅವರ ಕುತ್ತಿಗೆಯ ಹಿಂದೆ ಕೊಟ್ಟು, ಸ್ವಲ್ಪ ಸ್ವಲ್ಪವೇ ಕುಡಿಸತೊಡಗಿದರು.

'ನೀ ಹೋಗವ್ವಾ' ಎಂದರು, ನನ್ನ ಕಡೆ ತಿರುಗದೆ. 'ನಿನಗ ಆಫೀಸಿಗೆ ಹೊತ್ತಾತು. ನಾ ಅದೀನಿ.'