ಉಸಿರಾಡುವ ಹೆಣ

ಆ ಸಿನಿಮಾದ ಬಗ್ಗೆ ಜನ ಒಂದು ಮಾತಿಗೆ ಬಂದದ್ದೇ ಇಲ್ಲ. ಕೊಲೆಗಾರ ಯಾರೆಂದು ಅರ್ಧದಲ್ಲೇ ಗೊತ್ತಾಗುತ್ತದೆ ಎಂದು ಕೆಲವರು ಮೊಬೈಲಿನಲ್ಲಿ ಬರೆದರು. ಕೊನೆಯವರೆಗೂ ತಲೆಬುಡ ಸಿಗಲಿಲ್ಲ, ಮಜಾ ಇರುವುದೇ ಅದರಲ್ಲಿ ಎಂದರು ಇನ್ನು ಕೆಲವರು. ಒಬ್ಬರಿಗೆ ಪೊಲೀಸ್ ಅಧಿಕಾರಿಯಾದ ಹೆಂಗಸು ಬಹಳ ಹಿಡಿಸಿದಳು, ಮತ್ತೊಬ್ಬರಿಗೆ ಅವಳ ಅಳು ಅತಿಯಾಯಿತು. ಹೆಂಗಸರನ್ನು ಒಬ್ಬೊಬ್ಬರಾಗಿ ಕೊಲ್ಲುವುದರಲ್ಲಿ ನೋಡುವುದೇನಿದೆ ಎಂದು ಬೈದವರೂ ಇದ್ದರು. ಎಲ್ಲರೂ ಒಪ್ಪಿದ್ದು ಒಂದನ್ನು ಮಾತ್ರ. ಗದ್ದೆಯಲ್ಲಿ ಬಿದ್ದಿರುವ ಮೂರನೆಯ ಹೆಣ ಉಸಿರಾಡುತ್ತದೆ. ಅದರ ಹೊಟ್ಟೆ ಏರಿ ಇಳಿಯುವುದು ಚೆನ್ನಾಗಿ ಕಾಣುತ್ತದೆ. ಆ ತುಣುಕನ್ನಷ್ಟೇ ಕತ್ತರಿಸಿ, ಹೊಟ್ಟೆಯ ಸುತ್ತ ಕೆಂಪು ಗೆರೆ ಎಳೆದು, ನಗುವ ಮುಖಗಳನ್ನು ಅಂಟಿಸಿ ಊರೆಲ್ಲ ಹಂಚಿದರು.

ಆ ಹೆಣ ನನ್ನ ಅಮ್ಮ.

ನಮ್ಮ ಮನೆ ಹೊಳನಗದ್ದೆಯಲ್ಲಿ. ಕೊಯ್ಲು ಮುಗಿದ ಮೇಲೆ ಸಿನಿಮಾದವರು ಬಂದು ನಮ್ಮ ಕೇರಿಯ ಎದುರಿನ ಗದ್ದೆಯಲ್ಲಿ ಬೀಡುಬಿಟ್ಟರು. ಅವರ ಕಥೆಯ ಕೊಲೆಗಾರ ಹೆಂಗಸರನ್ನು ಕೊಂದು, ಕೆಂಪು ಸೀರೆ ಉಡಿಸಿ, ಗದ್ದೆಯ ಅಂಚಿನಲ್ಲಿ ಮಲಗಿಸಿ ಹೋಗುತ್ತಾನೆ. ಮೂರನೆಯ ಹೆಣವಾಗಲು ಒಪ್ಪಿದ್ದ ಹೆಂಗಸು, ಮನೆಯಲ್ಲಿ ಬೇಡವೆಂದರು ಎಂದು ಹಿಂದಿನ ದಿನ ಕೈಕೊಟ್ಟಳು. ಅವರು ಮನೆಮನೆಗೂ ಕೇಳುತ್ತ ಬಂದರು. ನಾನು ಮೊಬೈಲ್ ಎತ್ತಿದರೆ ಸಾಕು, ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಓಡುತ್ತಿದ್ದ ಅಮ್ಮ, ಅಂಗಳಕ್ಕೆ ಬಂದು "ನಾ ಮಲಗ್ತೆ" ಎಂದುಬಿಟ್ಟಳು.

ಅದಕ್ಕೆ ಕಾರಣ ಒಂದು ಕಾಗೆ. ಕೆಲವು ದಿನಗಳ ಹಿಂದೆ ಬಾವಿಯ ಹತ್ತಿರ ಬಟ್ಟೆ ಒಣಗಿಸುವಾಗ ಅದು ಬಂದು ಅಮ್ಮನ ನೆತ್ತಿಗೆ ಬಡಿದು ಹೋಗಿತ್ತು. ಹಾಗಾದರೆ ಕಂಟಕವೆಂದು ನಮ್ಮಲ್ಲಿ ನಂಬಿಕೆ. ಅದನ್ನು ಕಳೆಯಲು, ಬಡಿಸಿಕೊಂಡವರು ಸತ್ತರೆಂದು ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸುತ್ತಾರೆ. ನೆಂಟರು ನಂಬಿ ಅಳಬೇಕು. ಅತ್ತ ಮೇಲೆ, ಸುಳ್ಳು, ಬದುಕಿದ್ದಾರೆ ಎಂದು ತಿಳಿಸಬೇಕು. ಅಮ್ಮನಿಗೆ ಹತ್ತಿರದವಳೆಂದರೆ ಮಾವಳ್ಳಿಯಲ್ಲಿರುವ ತಂಗಿ, ನನ್ನ ಚಿಕ್ಕಮ್ಮ.

"ಅವಳಿಗೆ ಬಿಪಿ. ಸುಳ್ಳು ಸುದ್ದಿ ಕೇಳಿ ಅವಳೇ ಹೋಗ್ತಾಳೆ" ಎಂದಳು ಅಮ್ಮ. "ಇದ್ರಲ್ಲಾದ್ರೆ ನಾ ಸತ್ತದ್ದು ಊರಿಗೂರೇ ನೋಡ್ತದೆ. ಕಾಗೆಗೆ ಅಷ್ಟು ಸಾಕು."

ವಿಷಯ ತಿಳಿದು ಚಿಕ್ಕಮ್ಮ ಫೋನಿನಲ್ಲೇ ಕೂಗಾಡಿದಳು. "ನಿಂಗೆ ತಲೆ ಸಮ ಇದ್ಯಾ ಅಕ್ಕ? ಅಲ್ಲಿ ಅಳೂದು ಯಾರು? ಯಾರಾದ್ರೂ ಅತ್ರೆ ಮಾತ್ರ ಕಂಟಕ ಕಳೀತದೆ."

ಅಲ್ಲಿ ಯಾರೂ ಅಳಲಿಲ್ಲ. ನಾನೂ ಅಪ್ಪನೂ ನೋಡಲು ಹೋಗಿದ್ದೆವು. ಅಮ್ಮನಿಗೆ ಇರುವೆ ಕಚ್ಚಿತು, ನಗು ಬಂತು, ಅವಳ ಜೊತೆ ಲೈಟು ಹಿಡಿದವರೂ ನಕ್ಕರು. "ಅಮ್ಮಾ, ಉಸಿರು ಬಿಗಿ ಹಿಡೀರಿ" ಎಂದು ಒಬ್ಬ ಹುಡುಗಿ ಮತ್ತೆ ಮತ್ತೆ ಕೂಗುತ್ತಿದ್ದಳು. ಬಿಸಿಲು ಇಳಿಯುವ ಹೊತ್ತಿಗೆ ಅವರೇ ಸೋತು, ಆತು ಎಂದು ಕಳಿಸಿಕೊಟ್ಟರು. ಅಮ್ಮ ಸೀದಾ ಬಾವಿಕಟ್ಟೆಗೆ ಹೋಗಿ, ಹೆಣ ಸುಟ್ಟು ಬಂದವರ ಹಾಗೆ ಉಟ್ಟ ಸೀರೆಯಲ್ಲೇ ತಲೆಗೆ ನೀರು ಹೊಯ್ದುಕೊಂಡಳು. ಆಮೇಲೇ ಹೊಸ್ತಿಲು ದಾಟಿದ್ದು.

"ಸಾಯೂದು ಸುಲಭ ಅಲ್ಲ ಮಾರಾಯ್ತಿ" ಎಂದಳು ತಲೆ ಒರೆಸಿಕೊಳ್ಳುತ್ತ. "ಉಸಿರು ಹಿಡೂಕೇ ಆಗೂದಿಲ್ಲ."

ಮುಂದಿನ ಮಳೆಗಾಲದಲ್ಲಿ ಅಮ್ಮ ಹೋದಳು. ಜ್ವರ ಬಂತು, ಎದೆಗೆ ಇಳಿಯಿತು, ವಾರ ತುಂಬುವುದರೊಳಗೆ ಎಲ್ಲ ಮುಗಿಯಿತು. ಕಾಗೆಯನ್ನು ನಂಬುವವಳಲ್ಲ ನಾನು. ಆದರೆ ಈಗಲೂ ಬಟ್ಟೆ ಒಣಗಿಸುವಾಗ ನನಗೆ ತಿಳಿಯದೆಯೇ ಒಂದು ಕೈ ನೆತ್ತಿಯ ಮೇಲೆ ಹೋಗುತ್ತದೆ. ಮನೆಯಲ್ಲಿ ಅವಳದೊಂದು ಒಳ್ಳೆಯ ಫೋಟೋ ಕೂಡ ಇರಲಿಲ್ಲ. ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆವು. ಅದರಲ್ಲಿ ಅವಳು ಯಾರ ಮೇಲೋ ಸಿಟ್ಟಾದ ಹಾಗೆ ಕಾಣುತ್ತಾಳೆ, ಮುಖ ಮಂಜು ಮಂಜು.

ಸಿನಿಮಾ ಮೊಬೈಲಿಗೆ ಬಂದದ್ದು ಅಮ್ಮನ ವರ್ಷಾಂತ ಕಳೆದ ಮೇಲೆ. ಅದಕ್ಕೆಂದು ಬಂದಿದ್ದ ಚಿಕ್ಕಮ್ಮ ಇನ್ನೂ ನಮ್ಮಲ್ಲೇ ಇದ್ದಳು. ಮೊಬೈಲನ್ನು ಚೊಂಬಿಗೆ ಒರಗಿಸಿ ಮೂವರೂ ನೋಡಿದೆವು. ಅಮ್ಮ ಬಂದಾಗ ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಳು. ಅಪ್ಪ ಮಾತ್ರ ಮುಂದಕ್ಕೆ ಬಾಗಿದ.

"ತಡಿ. ಹಿಂದೆ ಹಾಕು. ಉಸಿರಾಡ್ತಾಳೆ ನೋಡು."

ಕೊಲೆಗಾರ ಬಗ್ಗುತ್ತಾನೆ, ಅಮ್ಮನ ಸೆರಗು ಸರಿಮಾಡುತ್ತಾನೆ, ಹೋಗುತ್ತಾನೆ. ಕೆಂಪು ಸೀರೆಯ ಕೆಳಗೆ ಹೊಟ್ಟೆ ಮೆಲ್ಲಗೆ ಏರುತ್ತದೆ, ಇಳಿಯುತ್ತದೆ. ಸಿನಿಮಾದ ಉಳಿದ ಭಾಗ ಅಪ್ಪನಿಗೆ ಬೇಡವಾಯಿತು. ಕೊಲೆಗಾರ ಯಾರೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ನಾನು ಹೊನ್ನಾವರದ ಬಸ್ಸಿಗೆ ಹೊರಡುವ ಮೊದಲು, ಚಾ ಕುಡಿಯುತ್ತ ಅಷ್ಟನ್ನು ಮಾತ್ರ ಹಾಕಲು ಹೇಳುತ್ತಿದ್ದ. ಒಂದು ದಿನ ಕೇಳಿದ, "ಅವ ಅಷ್ಟು ಹತ್ರ ಬಗ್ಗಿ ನೋಡ್ತಾನಲ್ಲ, ಇವಳು ಬದ್ಕಿದ್ದು ಅವಂಗೆ ತಿಳೀಲಿಲ್ವಾ?"

ನಾನು ಮೊಬೈಲ್ ಎತ್ತಿಕೊಂಡು ಬಸ್ಸಿಗೆ ಹೊರಟೆ.

ಚಿಕ್ಕಮ್ಮನಿಗೆ ಇದು ಸರಿಬರಲಿಲ್ಲ. "ಹೋದವಳನ್ನ ಹೋಗೂಕೆ ಬಿಡಿ ಭಾವ. ದಿನಾ ಹೆಣ ನೋಡೂದು ಎಂತಕ್ಕೆ? ಹೀಗೆ ಕಟ್ಟಿ ಹಾಕಿದ್ರೆ ಅವಳು ಎಲ್ಲಿಗೆ ಹೋಗೂದು?" ಎಂದು ಜಗಳವಾಡಿದಳು. "ನಾ ನೋಡೂದು ಹೆಣ ಅಲ್ಲ" ಎಂದ ಅಪ್ಪ. ಇಬ್ಬರೂ ನನ್ನ ಮುಖ ನೋಡಿದರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಅವಳ ಉಸಿರು ಕಂಡಾಗ ಆಗುವ ಸಂತೋಷಕ್ಕೆ ಹೆದರುತ್ತಿದ್ದವಳು ನಾನು. ಮಾರನೆಯ ದಿನವೇ ಚಿಕ್ಕಮ್ಮ ಮಾವಳ್ಳಿಗೆ ಹೊರಟುಹೋದಳು.

ಹೊನ್ನಾವರದಲ್ಲಿ ನನಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಚಿತ್ರ ನಮ್ಮ ಕಡೆಯದೆಂದು ಅಂಗಡಿಗೆ ಬಂದವರೆಲ್ಲ ಅದರದೇ ಮಾತು. ಭಟ್ಕಳದಿಂದ ಬಂದಿದ್ದ ಇಬ್ಬರು ಗೆಳೆಯರು ಕನ್ನಡಿಯ ಎದುರು ಫ್ರೇಮ್ ಹಾಕಿ ತೆಗೆದು ಮಾಡುತ್ತ ವಾದಕ್ಕಿಳಿದರು. ಇಂಥ ಚಿತ್ರ ಬಂದೇ ಇಲ್ಲ ಎಂದು ಒಬ್ಬ. "ಹೆಣವೇ ಉಸಿರಾಡ್ತದೆ, ಅದೆಂತ ಚಿತ್ರ? ನಾನು ದೂರು ಬರೆದು ಹಾಕಿದ್ದೇನೆ. ನೀವು ನೋಡಿದ್ರಾ ಮೇಡಂ?" ಎಂದು ಮತ್ತೊಬ್ಬ.

"ನೋಡಿದೆ" ಎಂದೆ. ಕೈಯಲ್ಲಿದ್ದ ಫ್ರೇಮಿನ ಕಡ್ಡಿ ಲಟಕ್ಕೆಂದು ಮುರಿಯಿತು. ಪಾಪ, ಅವನು ಅದನ್ನು ಫ್ರೇಮಿನ ದೋಷವೆಂದು ತಿಳಿದು ಬೇರೆ ತೋರಿಸಲು ಹೇಳಿದ.

ಅವನಂಥವರು ಬಹಳ ಮಂದಿ ಇದ್ದಿರಬೇಕು. ಮೊನ್ನೆ ಮೊನ್ನೆ ಒಂದು ಬೆಳಿಗ್ಗೆ ಎಂದಿನಂತೆ ಅಪ್ಪನ ಎದುರು ಮೊಬೈಲ್ ಇಟ್ಟೆ. ಗದ್ದೆ ಬಂತು. ಕೊಲೆಗಾರ ಬಗ್ಗಿದ, ಸೆರಗು ಸರಿಮಾಡಿದ, ಹೋದ. ಕೆಂಪು ಸೀರೆ ಅಲುಗಲಿಲ್ಲ. ನೆಟ್ ನಿಂತಿತೇನೋ ಎಂದುಕೊಂಡೆ, ಆದರೆ ಹಿಂದಿನ ಹುಲ್ಲು ಗಾಳಿಗೆ ಆಡುತ್ತಿತ್ತು. ಮತ್ತೆ ಹಾಕಿದೆ. ಹುಲ್ಲು ಆಡಿತು, ಅಮ್ಮ ಆಡಲಿಲ್ಲ. ತಪ್ಪು ಕಂಡುಹಿಡಿದವರ ಮಾತು ಕೇಳಿ ಸಿನಿಮಾದವರು ಅದನ್ನು ತಿದ್ದಿ ಹೊಸದಾಗಿ ಹಾಕಿದ್ದರು.

ಅಪ್ಪನಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಅವನು ಚಾದ ಲೋಟ ಕೆಳಗಿಟ್ಟ.

"ಅವತ್ತು ಆಗ್ಲಿಲ್ಲ ಅವಳಿಗೆ" ಎಂದ. "ಈಗ ನೋಡು, ಹೆಂಗೆ ಬಿಗಿ ಹಿಡಿದಾಳೆ."

ಎದ್ದು ಬಾವಿಕಟ್ಟೆಗೆ ಹೋದ. ಅಂಗಿ ಕೂಡ ಬಿಚ್ಚದೆ ಕೊಡ ಎತ್ತಿ ತಲೆಯ ಮೇಲೆ ಸುರಿದುಕೊಂಡ.

ಆಗಲೇ ಮೊಬೈಲ್ ಬಡಿದುಕೊಂಡಿತು. ಮಾವಳ್ಳಿಯಿಂದ ಚಿಕ್ಕಮ್ಮ. ಆ ಹೊತ್ತಿಗೆ ಅವಳು ಫೋನ್ ಮಾಡುವುದೇ ಇಲ್ಲ.

"ಮಗಳೇ, ನನ್ನ ಫೋನ್ ಹಾಳಾಯ್ತಾ ಕಾಣ್ತದೆ" ಎಂದಳು. "ದಿನಾ ನೋಡ್ತಿದ್ದೆ ನಾನೂ. ನಿನ್ನದ್ರಲ್ಲಿ ಅಕ್ಕ ಉಸಿರಾಡ್ತಾಳಾ?"

ಸುಳ್ಳು, ಅವಳು ಬದುಕಿದ್ದಾಳೆ ಎಂದು ಹೇಳುವ ಪಾಳಿ ನನ್ನದಾಗಿತ್ತು. ಬಾಯಿಗೆ ಬರಲಿಲ್ಲ.

"ಇಲ್ಲ ಚಿಕ್ಕಮ್ಮ" ಎಂದೆ.

ಅವಳು ಗಟ್ಟಿಯಾಗಿ ಅಳಲು ಶುರುಮಾಡಿದಳು. ಹೊರಗೆ ಅಪ್ಪ ಇನ್ನೊಂದು ಕೊಡ ಸೇದುತ್ತಿದ್ದ.