ಶರಣಮ್ಮನವರ ಟೆಂಪೊ ಕರೂರಿಗೆ ಬಂದ ದಿನ

ನಾನು ಆರನೇ ಕ್ಲಾಸು ಮುಗಿಸಿದ ಬೇಸಿಗೆ ಅದು. ಆಗೆಲ್ಲ ನಮ್ಮ ಕರೂರಿನಲ್ಲಿ ಕ್ಯಾನ್ಸರ್ ಎಂಬ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ದೊಡ್ಡ ಜಡ್ಡು’ ಎಂದು ದನಿ ತಗ್ಗಿಸುತ್ತಿದ್ದರು. ಬೇಸಿಗೆ ಭತ್ತದ ಕೊಯ್ಲು ನಡೆದು ಊರಿಗೆ ಊರೇ ಹೊಟ್ಟಿನ ಧೂಳು, ಹಸಿ ಹುಲ್ಲಿನ ವಾಸನೆ. ಬೆಳಗಾದರೆ ನಾವು ಹುಡುಗಿಯರು ಕುಂಟಬಿಲ್ಲೆ ಆಡುತ್ತಿದ್ದೆವು, ಬಿಸಿಲೇರಿದರೆ ಬೇವಿನ ನೆರಳಲ್ಲಿ ಚೌಕಾಬಾರ.

ಆ ದೊಡ್ಡ ಜಡ್ಡು ನಮ್ಮವ್ವನಿಗೇ ಬಂದಿತ್ತು. ಎದೆಯ ಗಡ್ಡೆ ತೆಗೆದ ಮೇಲೆ ಬಳ್ಳಾರಿಯ ಆಸ್ಪತ್ರೆಗೆ ಹೋಗಿ ಔಷಧಿ ಏರಿಸಿಕೊಂಡು ಬರುತ್ತಿದ್ದಳು. ತಲೆಗೂದಲೆಲ್ಲ ಉದುರಿತು. ಪಕ್ಕದ ಮನೆಯ ಈರಮ್ಮತ್ತೆ ನಮ್ಮ ಮನೆಯ ನೀರು ಮುಟ್ಟುವುದನ್ನು ಬಿಟ್ಟಳು. ಅವಳ ಮಗಳು ಲಕ್ಷ್ಮಿ ನನ್ನ ಜೀವದ ಗೆಳತಿ. ಒಂದು ದಿನ ಅವಳೂ ದೂರದಿಂದಲೇ, “ನಿನ್ನ ಜೋಡಿ ಆಡಬ್ಯಾಡ ಅಂದಾಳ ನಮ್ಮವ್ವ, ಅಂಟತೈತಂತ” ಎಂದು ಓಡಿಹೋದಳು.

ಒಳಗಿದ್ದ ಅವ್ವ ಅದನ್ನು ಕೇಳಿಸಿಕೊಂಡಳು. ಮುಂದಿನ ಸಲ ಅಪ್ಪ ಚೀಲ ಹಿಡಿದು ಆಸ್ಪತ್ರೆಗೆ ಹೊರಟು ನಿಂತಾಗ ಅವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

“ನಾ ಬರಂಗಿಲ್ಲ. ನನ್ನ ಕೂಸಿನ ಜೋಡಿ ಯಾರೂ ಆಡಂಗಿಲ್ಲ ಅಂದ್ರ, ನಾ ಬದುಕಿ ಏನ್ ಮಾಡ್ಲಿ?”

ಅಪ್ಪ ಬೇಡಿಕೊಂಡ, ಬೈದ, ಕೊನೆಗೆ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಂಡ. ಬಸ್ಸು ಹೋಗಿಯೇಬಿಟ್ಟಿತು.

ಮರುದಿನ ಬೆಳಿಗ್ಗೆ ಓಣಿಯಲ್ಲಿ ಪೋಂ ಪೋಂ ಎಂದು ಹಾರ್ನು! ಬಾಗಿಲಿಗೆ ಓಡಿ ನೋಡಿದರೆ ಹಸಿರು ಟೆಂಪೊ, ತುಂಬ ಹೆಂಗಸರು. ಒಬ್ಬರ ಕೈಯಲ್ಲಿ ಬಾಣಲೆ, ಒಬ್ಬರ ಸೊಂಟದ ಮೇಲೆ ಮಂಡಕ್ಕಿ ಚೀಲ. ಎಲ್ಲರಿಗಿಂತ ಮೊದಲು ಜಿಗಿದವರು ಕುರುಗೋಡಿನ ಶರಣಮ್ಮ. ತಮಗೂ ಇದೇ ಜಡ್ಡು ಬಂದು ಗುಣವಾದ ಮೇಲೆ, ತಮ್ಮಂಥ ಹೆಂಗಸರನ್ನು ಕೂಡಿಸಿಕೊಂಡು ಆಸ್ಪತ್ರೆಯ ಹೊರಗೆ ರೋಗಿಗಳಿಗೆ ಗಂಜಿ ಕೊಡುತ್ತಿದ್ದರು, ಹೆದರಿದವರ ಹತ್ತಿರ ಕೂತು ಮಾತಾಡುತ್ತಿದ್ದರು. ಅವ್ವನಿಗೆ ಅಲ್ಲಿಯೇ ಪರಿಚಯ. ಅವಳು ಬರಲಿಲ್ಲವೆಂದು ಊರು ಕೇಳಿಕೊಂಡು ಹುಡುಕಿ ಬಂದಿದ್ದರು.

“ಎಲ್ಲೈತವ್ವಾ ಒಲಿ?” ಎಂದು ನನ್ನನ್ನು ಕೇಳುತ್ತಲೇ ಸೀದಾ ಅಡುಗೆಮನೆಗೆ ನುಗ್ಗಿದರು. ಅವ್ವ ಗಾಬರಿಯಾಗಿ ಎದ್ದು ಕೂತಳು. ಅಷ್ಟರಲ್ಲಿ ಮಂಡಕ್ಕಿ ನೆನೆದು, ಉಗ್ಗಾಣಿಗೆ ಒಗ್ಗರಣೆ ಬಿದ್ದು, ಬಾಣಲೆಯಲ್ಲಿ ಮೆಣಸಿನಕಾಯಿ ಬಜ್ಜಿ ಚುಯ್ ಅನ್ನತೊಡಗಿತ್ತು. ಆ ಘಾಟಿಗೆ ಇಡೀ ಓಣಿ ಸೀನಿತು. ನನಗೋ ಹಬ್ಬ ಬಂದಷ್ಟು ಸಂಭ್ರಮ. ಒಳಗೊಮ್ಮೆ, ಹೊರಗೊಮ್ಮೆ ಕುಣಿದಾಡುತ್ತಿದ್ದೆ.

ಓಣಿಯ ಜನ ಒಬ್ಬೊಬ್ಬರೇ ಇಣುಕಿದರು. ಲಕ್ಷ್ಮಿ ಅಂಗಳದ ತನಕ ಬಂದೇಬಿಟ್ಟಳು. ಶರಣಮ್ಮ ಹೊರಗೆ ಬಂದು ಅವಳ ಮುಂದೆ ಬೆನ್ನು ಮಾಡಿ ಕೂತು, “ನನ್ನ ತಲಿನೂ ಬೋಳು ಗಡಿಗಿ ಆಗಿತ್ತು. ಈಗ ಈ ಜಡಿ ಹಿಡಿದು ಎಳಿ ನೋಡೋಣು” ಎಂದರು. ಲಕ್ಷ್ಮಿ ಎಳೆದೇಬಿಟ್ಟಳು! “ಅಯ್ಯಯ್ಯೋ, ಬಿಡ ಲೇ!” ಎಂದು ಅವರು ಚೀರಿದ್ದಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಷ್ಟೋ ತಿಂಗಳ ಮೇಲೆ ಅವ್ವ ನಕ್ಕಿದ್ದನ್ನು ಕಂಡೆ.

ಮಗಳನ್ನು ಎಳೆದೊಯ್ಯಲು ಈರಮ್ಮತ್ತೆ ದುಡುದುಡು ಬಂದಳು. “ಅಂಟತೈತಿ ಅಂತಾರಲ್ರೀ...”

“ಅಂಟೂದಾಗಿದ್ರ ನನ್ನ ಗಂಡಗ, ನನ್ನ ಸೊಸಿಗಿ, ಮನ್ಯಾನ ಎಮ್ಮಿಗೂ ಅಂಟಬೇಕಿತ್ತಲ್ಲವ್ವಾ? ಎಲ್ಲಾರೂ ಗುಂಡ್ಕಲ್ಲಿನಂಗ ಅದಾರ” ಎಂದು ಶರಣಮ್ಮ ಅವಳ ಕೈಗೆ ಬಿಸಿ ಬಜ್ಜಿ ಇಟ್ಟರು.

ಈರಮ್ಮತ್ತೆ ತಿನ್ನಲಿಲ್ಲ, ಬಿಸಾಕಲೂ ಇಲ್ಲ. ಅದನ್ನು ಹಿಡಿದುಕೊಂಡೇ ಶರಣಮ್ಮನವರ ಹಿಂದೆ ಅಡುಗೆಮನೆಗೆ ಹೋದಳು. ಒಲೆಯ ಹತ್ತಿರ ಅವ್ವ ಇದ್ದಳು, ನಾನೂ ಇದ್ದೆ. ಈರಮ್ಮತ್ತೆ ಸಣ್ಣ ದನಿಯಲ್ಲಿ, “ನನಗೂ ಒಂದು ಗಂಟು ಆಗೈತ್ರಿ. ಯಾರ ಮುಂದೂ ಅಂದಿಲ್ಲ” ಎಂದವಳೇ ಗಳಗಳ ಅತ್ತಳು. ಅಷ್ಟು ದಿನ ಅವಳು ನಮ್ಮಿಂದ ದೂರ ಓಡಿದ್ದು ಆ ಹೆದರಿಕೆಗೆ ಎಂದು ಆಗ ತಿಳಿಯಿತು.

ಅವ್ವ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, “ಏಳು ಈರಮ್ಮ, ಸೀರಿ ಬದ್ಲಿ ಮಾಡು. ನಾನೂ ಬರ್ತೀನಿ, ಇಬ್ರೂ ಹೋಗೋಣು” ಎಂದಳು.

ಟೆಂಪೊ ಹೊರಟಿತು. ನಾವಿಬ್ಬರು ಹುಡುಗಿಯರೂ ಹಟ ಮಾಡಿ ಹತ್ತಿಕೊಂಡೆವು. ತೆಕ್ಕಲಕೋಟೆ ದಾಟಿ ಬಳ್ಳಾರಿ ಮುಟ್ಟುವವರೆಗೆ ಹೆಂಗಸರ ಹಾಡೇ ಹಾಡು. ಲಕ್ಷ್ಮಿ ನನ್ನ ತೊಡೆಯ ಮೇಲೆ ಕೂತು ಉಗ್ಗಾಣಿ ಮುಕ್ಕುತ್ತಿದ್ದಳು. ಗಾಳಿಗೆ ಅವ್ವನ ಸೆರಗು ಜಾರಿತು. ಅವಳು ಮತ್ತೆ ಎಳೆದುಕೊಳ್ಳಲಿಲ್ಲ.

ಈರಮ್ಮತ್ತೆಯದು ಸಾದಾ ಗಂಟು, ತೆಗೆದು ಕಳಿಸಿದರು. ಅವ್ವ ಔಷಧಿಯನ್ನೆಲ್ಲ ಮುಗಿಸಿ ಗುಣವಾದಳು, ಈಗಲೂ ಗಟ್ಟಿಯಾಗಿದ್ದಾಳೆ. ಶರಣಮ್ಮನವರಿಗೆ ಮಾತ್ರ ಕೆಲವು ವರ್ಷಗಳ ಮೇಲೆ ಜಡ್ಡು ಮರಳಿತು. ಕೊನೆಯ ದಿನಗಳಲ್ಲಿ ಅವ್ವ ಕುರುಗೋಡಿಗೆ ಹೋಗಿ ಅವರ ಹತ್ತಿರವೇ ಇದ್ದಳು.

ಈಗ ಶರಣಮ್ಮನವರ ಆ ಬಳಗ ಫೋನಿನ ಗುಂಪಾಗಿದೆ. ಯಾವ ಡಾಕ್ಟರು, ಯಾವ ಊಟ, ಎಲ್ಲಿ ಉಳಿಯಬೇಕು, ಕೇಳಿದ ಕ್ಷಣಕ್ಕೆ ಉತ್ತರ ಬರುತ್ತದೆ. ಒಳ್ಳೆಯದೇ ಆಯಿತು. ಅವ್ವ ದಿನವೂ ಕಿವಿಗೆ ಫೋನಿಟ್ಟು, ಎಲ್ಲರೂ ಅದರಲ್ಲಿ ಹೇಳಿ ಕಳಿಸಿದ ಮಾತನ್ನು ಕೇಳುತ್ತಾಳೆ. ಮೊನ್ನೆ ಸಿರುಗುಪ್ಪದ ಹೆಂಗಸೊಬ್ಬಳು ಔಷಧಿ ಬಿಡುತ್ತೇನೆಂದು ಅಳುತ್ತಿದ್ದಳಂತೆ. ಹತ್ತಾರು ಜನ ಧೈರ್ಯ ಹೇಳಿದ್ದರು. ಅವ್ವ ಎಲ್ಲವನ್ನೂ ಕೇಳಿ ಮುಗಿಸಿ ಫೋನು ಕೆಳಗಿಟ್ಟಳು.

“ಎಲ್ಲಾರೂ ಚಲೋ ಮಾತಾಡ್ಯಾರ. ಆಕಿ ಮನಿಗೆ ಮಾತ್ರ ಯಾರೂ ಹೋಗಿಲ್ಲ ನೋಡು” ಎಂದು, ಬಸ್ಸು ಎಷ್ಟೊತ್ತಿಗೆಂದು ನನ್ನನ್ನು ಕೇಳಿದಳು.